ಡುಬ್ಬದ ಮಹಶೀರ್‌ಗೆ ಹೆಸರು ಸಿಕ್ಕ ಬಗೆ: ಕಾವೇರಿಯ ಒಂದು ಮೀನಿನ ಪ್ರಕರಣ ಅಧ್ಯಯನ

ಹೊಸ ಪ್ರಭೇದ ಎಂದರೆ ಇದುವರೆಗೆ ಯಾರ ಕಣ್ಣಿಗೂ ಬೀಳದ ಜೀವಿ ಎಂದುಕೊಳ್ಳುವವರೇ ಹೆಚ್ಚು. ಸಿಹಿನೀರಿನ ಮೀನುಗಳ ಮಟ್ಟಿಗೆ ಈ ಎಣಿಕೆ ಬಹುತೇಕ ತಪ್ಪು. ಹಳ್ಳದಲ್ಲಿ ಬಲೆ ಬೀಸುವವರಿಗೆ, ಸಂತೆಯಲ್ಲಿ ಮೀನು ಮಾರುವವರಿಗೆ ಚೆನ್ನಾಗಿ ಗೊತ್ತಿರುವ ಮೀನೇ ವಿಜ್ಞಾನದ ಪಟ್ಟಿಯಲ್ಲಿ ಇರುವುದಿಲ್ಲ. ಇದ್ದರೂ ಬೇರೆ ಯಾವುದೋ ಮೀನಿನ ಹೆಸರು ಹೊತ್ತುಕೊಂಡಿರುತ್ತದೆ. ಗೆಂಡೆ ಬಳಗಕ್ಕೆ ಸೇರಿದ, ಕಾವೇರಿಯ ಡುಬ್ಬದ ಮಹಶೀರ್ ಇದಕ್ಕೆ ದೊಡ್ಡ ಉದಾಹರಣೆ, ಗಾತ್ರದಲ್ಲೂ ಸಹ: ಒಂದೂವರೆ ಮೀಟರ್ ಉದ್ದ, 45 ಕಿಲೋ ಮೀರಿದ ತೂಕ ಮುಟ್ಟಬಲ್ಲ ಮೀನು ಇದು. ಗಾಳ ಹಾಕುವ ಇಂಗ್ಲಿಷರು 1870ರ ದಶಕದಿಂದಲೇ ಇದರ ಬಗ್ಗೆ ಬರೆದಿಟ್ಟಿದ್ದಾರೆ. ಇದರ ವೈಜ್ಞಾನಿಕ ಹೆಸರು ಇತ್ಯರ್ಥವಾದದ್ದು ಮಾತ್ರ 2018ರಲ್ಲಿ.

ಅಷ್ಟು ತಡವಾಗಲು ಮೀನು ಸಿಗದಿದ್ದದ್ದು ಕಾರಣವಲ್ಲ. ‘ಈಗಾಗಲೇ ಇರುವ ಹೆಸರುಗಳಲ್ಲಿ ಯಾವುದು ಈ ಮೀನಿನದು, ಯಾವುದು ಅಲ್ಲ’ ಎಂಬ ಕೆಲಸವನ್ನು ಯಾರೂ ಕೊನೆ ಮುಟ್ಟಿಸಿರಲಿಲ್ಲ. ಪ್ರಭೇದ ವಿವರಣೆಯಲ್ಲಿ ಮುಕ್ಕಾಲು ಪಾಲು ಶ್ರಮ ಹೋಗುವುದು ಇಲ್ಲಿಯೇ. ಈ ಪ್ರಕರಣವನ್ನು ಹಂತಹಂತವಾಗಿ ಬಿಡಿಸಿ ನೋಡಿದರೆ, ಶಿಂಷಾದಲ್ಲೋ ಲೋಕಪಾವನಿಯಲ್ಲೋ ಗುರುತು ಸಿಗದ ಒಂದು ಸಣ್ಣ ಮೀನು ಹಿಡಿದ ವಿದ್ಯಾರ್ಥಿ ಎಲ್ಲೆಲ್ಲಿ ಎಡವಬಹುದು ಎಂಬುದೂ ತಿಳಿಯುತ್ತದೆ.

ಎಲ್ಲರಿಗೂ ಗೊತ್ತಿದ್ದ ಮೀನು

ಕಾವೇರಿ ತೀರದ ಕನ್ನಡಿಗರು ಮಹಶೀರ್‌ಗಳನ್ನು ಬಿಳಿ ಮೀನು ಎನ್ನುತ್ತಾರೆ. ದೇವಸ್ಥಾನದ ಮಡುವಿನಲ್ಲಿದ್ದರೆ ಅದೇ ದೇವರ ಮೀನು. ಶಿವನಸಮುದ್ರದ ಗಗನಚುಕ್ಕಿ, ಬರಚುಕ್ಕಿ ದುಮುಕಿದ ಮೇಲೆ ನದಿ ಮಳವಳ್ಳಿ ತಾಲ್ಲೂಕಿನ ಅಂಚಿನಲ್ಲಿ ಬಂಡೆಗಳ ನಡುವೆ ನುಗ್ಗಿ, ಭೀಮೇಶ್ವರಿ, ಮುತ್ತತ್ತಿಗಳ ಹತ್ತಿರ ಆಳವಾದ ಮಡು ಕಟ್ಟುತ್ತದೆ. ದೊಡ್ಡ ಮಹಶೀರ್‌ಗೆ ಬೇಕಾದದ್ದು ಇಂಥ ಜಾಗವೇ: ಬೇಸಿಗೆಯಲ್ಲೂ ಬತ್ತದ ಮಡು, ಪಕ್ಕದಲ್ಲೇ ರಭಸದ ನೀರು, ಮಳೆಗಾಲದಲ್ಲಿ ಮೇಲೇರಲು ತೆರೆದ ದಾರಿ. ಇಲ್ಲಿನವರು ಹರಿಗೋಲಿನಲ್ಲಿ ಕೂತು, ಬೇಯಿಸಿ ಗಟ್ಟಿ ಮಾಡಿದ ರಾಗಿ ಮುದ್ದೆಯ ಉಂಡೆಯನ್ನು ಗಾಳಕ್ಕೆ ಸಿಕ್ಕಿಸಿ ಹಿಡಿಯುತ್ತಿದ್ದರು. ಹೊರಗಿನಿಂದ ಬಂದ ಗಾಳಗಾರರೂ ಕಲಿತದ್ದು ಅದನ್ನೇ.

ಎಚ್.ಎಸ್. ಥಾಮಸ್ 1873ರಲ್ಲಿ ದಕ್ಷಿಣದ ಈ ಮೀನುಗಳ ಬಗ್ಗೆ ಬರೆದರು. ಮೈಸೂರು ಸಂಸ್ಥಾನದಲ್ಲಿ ಆನೆ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ ಕೂಡ ಆ ದಶಕದಲ್ಲೇ ಇಲ್ಲಿನ ಭಾರಿ ಮಹಶೀರ್‌ಗಳನ್ನು ಪ್ರಸ್ತಾಪಿಸಿದರು. 1946ರಲ್ಲಿ ಪ್ರಾಣಿಗಳ ಚರ್ಮ ತುಂಬುವ ಕಸುಬಿಗೆ ಹೆಸರಾದ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದದ್ದು ಗಾಳಗಾರರ ಲೋಕದಲ್ಲಿ ಇಂದಿಗೂ ದಾಖಲೆ. ಆಮೇಲೆ ಸ್ವಲ್ಪ ಕಾಲ ಮೀನಿನ ಸುದ್ದಿ ಹೊರಲೋಕಕ್ಕೆ ಮರೆತಂತಾಗಿ, 1970ರ ದಶಕದ ಕೊನೆಗೆ ಮೂವರು ಇಂಗ್ಲಿಷ್ ಗಾಳಗಾರರು ಬಂದು ಹೋದ ಮೇಲೆ ಭೀಮೇಶ್ವರಿಯಲ್ಲಿ ಮೀನುಗಾರಿಕೆ ಕ್ಯಾಂಪ್ ಬೆಳೆಯಿತು.

ಇಷ್ಟೆಲ್ಲ ದಾಖಲೆಯಲ್ಲಿ ತೂಕ ಇದೆ, ದಿನಾಂಕ ಇದೆ, ಫೋಟೋ ಇದೆ. ಪ್ರಭೇದವನ್ನು ನಿರ್ಧರಿಸಲು ಬೇಕಾದದ್ದು ಮಾತ್ರ ಇಲ್ಲ.

ತಪ್ಪು ಹೆಸರು ಅಂಟಿಕೊಂಡದ್ದು

1839ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ದಖ್ಖನ್ ಪ್ರದೇಶದ ಮೀನುಗಳನ್ನು ವಿವರಿಸಿದಾಗ ಎರಡು ಹೆಸರು ಕೊಟ್ಟ: ಬಾರ್ಬಸ್ ಖುದ್ರಿ ಮತ್ತು ಬಾರ್ಬಸ್ ಮುಸ್ಸುಲ್ಲಾ. ಎರಡೂ ಪುಣೆ ಸೀಮೆಯ, ಅಂದರೆ ಕೃಷ್ಣಾ ಕೊಳ್ಳದ ಮೀನುಗಳು. ಖುದ್ರಿ ಇಂದಿನ ಟೋರ್ ಖುದ್ರಿ, ನೀಲಿ ಛಾಯೆಯ ಈಜುರೆಕ್ಕೆಗಳ ಮಹಶೀರ್. ಮುಸ್ಸುಲ್ಲಾ ಯಾವುದು ಎಂಬಲ್ಲಿ ಗೊಂದಲ ಶುರುವಾಯಿತು. ದೊಡ್ಡ ಮೀನು, ಎತ್ತರದ ಬೆನ್ನು ಎಂಬ ವಿವರ ಹಿಡಿದು, ಇಪ್ಪತ್ತನೇ ಶತಮಾನದಲ್ಲಿ ಆ ಹೆಸರನ್ನು ಮಹಶೀರ್‌ಗಳ ಕುಲವಾದ ಟೋರ್‌ಗೆ ಸೇರಿಸಿದರು. ಅಲ್ಲಿಂದ ಅದು ಕಾವೇರಿಯ ಡುಬ್ಬದ ಮೀನಿಗೆ ವರ್ಗವಾಯಿತು. ಒಬ್ಬರ ಪಟ್ಟಿಯಿಂದ ಇನ್ನೊಬ್ಬರ ಪಟ್ಟಿಗೆ ನಕಲಾಗುತ್ತಾ ‘ಟೋರ್ ಮುಸ್ಸುಲ್ಲಾ’ ಎಂಬುದು ದಶಕಗಟ್ಟಲೆ ಪಠ್ಯಪುಸ್ತಕ, ಇಲಾಖೆಯ ವರದಿ, ಜೀನ್ ಭಂಡಾರ (ಡಿಎನ್‌ಎ ಸರಣಿಗಳನ್ನು ಕೂಡಿಡುವ ಕಂಪ್ಯೂಟರ್ ಸಂಗ್ರಹ) ಎಲ್ಲ ಕಡೆ ನೆಲೆಯೂರಿತು.

ತಪ್ಪು ಹಿಡಿಯಬಹುದಾಗಿದ್ದ ಜಾಗ ಒಂದೇ, ಕೆಳತುಟಿ. ಟೋರ್ ಕುಲದ ಮೀನಿನ ಬಾಯಿ ತೆರೆದು ಗದ್ದದ ಕಡೆಯಿಂದ ನೋಡಿದರೆ ಕೆಳತುಟಿಯ ಮಡಿಕೆ ಒಂದು ಬದಿಯಿಂದ ಇನ್ನೊಂದು ಬದಿಗೆ ಎಲ್ಲೂ ಕಡಿಯದೆ ಸಾಗಿ, ನಡುವೆ ಒಂದು ನಾಲಿಗೆಯಂತೆ ಇಳಿದಿರುತ್ತದೆ. ಹೈಪ್ಸೆಲೊಬಾರ್ಬಸ್ ಕುಲದಲ್ಲಿ ಆ ಮಡಿಕೆ ನಡುವೆ ಕಡಿದಿರುತ್ತದೆ. ಸೈಕ್ಸನ ಮೂಲ ವಿವರಣೆಗೆ ಮರಳಿ, ಅವನ ಸೀಮೆಯ ಮೀನುಗಳ ಜೊತೆ ಇಟ್ಟು ನೋಡಿದವರು 2013ರಲ್ಲಿ ಮುಸ್ಸುಲ್ಲಾ ಮಹಶೀರೇ ಅಲ್ಲ, ಹೈಪ್ಸೆಲೊಬಾರ್ಬಸ್ ಕುಲದ್ದು ಎಂದು ತೋರಿಸಿದರು. ಒಂದೇ ಏಟಿಗೆ ಕಾವೇರಿಯ ದೈತ್ಯ ಮೀನು ಹೆಸರು ಕಳೆದುಕೊಂಡಿತು. ಕೆಲವು ವರ್ಷ ಸಂಶೋಧನಾ ಲೇಖನಗಳಲ್ಲಿ ಅದು ಬರೀ ‘ಟೋರ್ ಕುಲದ ಒಂದು ಪ್ರಭೇದ’ ಎಂದೇ ಓಡಾಡಿತು.

ಇಂಥ ಸ್ಥಿತಿಯಲ್ಲಿ ಹೊಸ ಹೆಸರು ಕೊಟ್ಟುಬಿಡುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಜಗತ್ತಿನ ಅತಿ ದೊಡ್ಡ ಗೆಂಡೆ ಜಾತಿಯ ಮೀನುಗಳಲ್ಲಿ ಒಂದಕ್ಕೆ ನಾಮಕರಣ ಮಾಡುವ ಅವಕಾಶ ಸಣ್ಣದಲ್ಲ. ಆದರೆ ಪ್ರಾಣಿಗಳ ವೈಜ್ಞಾನಿಕ ಹೆಸರುಗಳಿಗೆ ನಿಯಮ ಹಾಕುವ ಅಂತರರಾಷ್ಟ್ರೀಯ ನಾಮಕರಣ ಸಂಹಿತೆಯ ಮೊದಲ ನಿಯಮ ಆದ್ಯತೆ: ಅದೇ ಪ್ರಭೇದಕ್ಕೆ ಯಾರಾದರೂ ಮೊದಲೇ ನಿಯಮಬದ್ಧ ಹೆಸರು ಕೊಟ್ಟಿದ್ದರೆ, ಎಷ್ಟೇ ಮೂಲೆಯಲ್ಲಿ ಪ್ರಕಟವಾಗಿದ್ದರೂ, ಆ ಹೆಸರೇ ಊರ್ಜಿತ. ಆದ್ದರಿಂದ ಬಲೆ ಹಿಡಿಯುವ ಮೊದಲು ಮಾಡಬೇಕಾದ ಕೆಲಸ, ಆ ಕೊಳ್ಳದಿಂದ ಆ ಕುಲದಲ್ಲಿ ಇದುವರೆಗೆ ಪ್ರಕಟವಾದ ಎಲ್ಲ ಹೆಸರುಗಳ ಪಟ್ಟಿ. ಪಟ್ಟಿಯಲ್ಲಿ ಚಾಲ್ತಿಯಲ್ಲಿರುವ ಹೆಸರು ಮಾತ್ರ ಸಾಲದು. ಬಿಟ್ಟುಹೋದ, ವಿಲೀನವಾದ ಹೆಸರುಗಳೂ ಬೇಕು. ಪ್ರತಿ ಹೆಸರಿನ ಮುಂದೆ ಮೂಲ ನೆಲೆ (ಆ ಹೆಸರು ಕೊಟ್ಟ ಮೀನು ಸಿಕ್ಕ ಜಾಗ), ಹೋಲೋಟೈಪ್ (ಆ ಹೆಸರಿಗೆ ಆಧಾರವಾಗಿ ಆರಿಸಿಟ್ಟ ಒಂದೇ ಮಾದರಿ) ಎಲ್ಲಿದೆ, ಮೂಲ ವಿವರಣೆ ಎಷ್ಟು ಗಾತ್ರದ ಮೀನಿನ ಮೇಲೆ ಆಯಿತು ಎಂಬ ಮೂರು ಅಂಕಣ ಇರಬೇಕು. ಈ ಪ್ರಕರಣ ಬಗೆಹರಿದದ್ದು ಮೂರನೇ ಅಂಕಣದಿಂದ.

ಉತ್ತರ ಇದ್ದದ್ದು ಪಾಂಬಾರಿನಲ್ಲಿ

ಕೇರಳದ ಚಿನ್ನಾರ್ ವನ್ಯಧಾಮದಲ್ಲಿ ಪಾಂಬಾರ್ ಎಂಬ ಸಣ್ಣ ಹೊಳೆ ಇದೆ. ಕೇರಳದ ಹೆಚ್ಚಿನ ಹೊಳೆಗಳಂತೆ ಪಶ್ಚಿಮಕ್ಕೆ ಇಳಿಯದೆ ಅದು ಪೂರ್ವಕ್ಕೆ ಹರಿದು, ಅಮರಾವತಿಯ ಮೂಲಕ ಕಾವೇರಿ ಸೇರುತ್ತದೆ. ಅಲ್ಲಿಂದ ಕುರುಪ್ ಮತ್ತು ರಾಧಾಕೃಷ್ಣನ್ ಎಂಬ ಇಬ್ಬರು ಮೀನುತಜ್ಞರು ಟೋರ್ ರೆಮಾದೇವಿ ಎಂಬ ಹೊಸ ಮಹಶೀರ್ ವಿವರಿಸಿದ್ದರು. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಮೀನುತಜ್ಞೆ ಕೆ. ರೆಮಾದೇವಿಯವರ ಗೌರವಕ್ಕೆ ಇಟ್ಟ ಹೆಸರು ಅದು. ವಿವರಣೆಗೆ ಬಳಸಿದವು ಎಳೆಯ ಮೀನುಗಳು. ಆ ಲೇಖನ ಓದಿದ ಯಾರಿಗೂ ಭೀಮೇಶ್ವರಿಯ 40 ಕಿಲೋ ಮೀನು ನೆನಪಾಗುವ ಸಂಭವವೇ ಇರಲಿಲ್ಲ. ಅಂಗೈಯಷ್ಟೋ ಮೊಣಕೈಯಷ್ಟೋ ಉದ್ದದ ಹೊಳೆಮೀನು ಎಲ್ಲಿ, ಇಬ್ಬರು ಹೊರಬೇಕಾದ ಮೀನು ಎಲ್ಲಿ.

2018ರ ಜೂನ್‌ನಲ್ಲಿ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಈ ಎರಡು ತುದಿಗಳನ್ನು ಜೋಡಿಸಿತು. ಮುಖ್ಯ ಕಾವೇರಿಯಲ್ಲಿ ಡುಬ್ಬದ ಮೀನು ಅಷ್ಟು ಹೊತ್ತಿಗೆ ತೀರಾ ವಿರಳವಾಗಿತ್ತು. ಮಾದರಿ ಸಿಕ್ಕಿದ್ದು ಭವಾನಿಗೆ ಸೇರುವ ಮೋಯಾರ್ ನದಿಯಲ್ಲಿ. ದೇಹದ ಲಕ್ಷಣ, ಮೈಟೊಕಾಂಡ್ರಿಯದ ಜೀನ್, ಹಳೆಯ ಬರಹ ಮತ್ತು ಫೋಟೋ ಈ ಎಲ್ಲವನ್ನೂ ಒಟ್ಟಿಗೆ ಇಟ್ಟಾಗ ಡುಬ್ಬದ ಮಹಶೀರ್ ಮತ್ತು ಟೋರ್ ರೆಮಾದೇವಿ ಒಂದೇ ಪ್ರಭೇದ ಎಂದು ತೇಲಿತು. ಹೊಸ ಹೆಸರಿನ ಅಗತ್ಯ ಬೀಳಲಿಲ್ಲ. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು ‘ತೀವ್ರ ಅಪಾಯದಲ್ಲಿರುವ’ ಪ್ರಭೇದವಾಗಿ ಸೇರಿತು. ಪಟ್ಟಿಗೆ ಸೇರಲು ಊರ್ಜಿತ ಹೆಸರು ಬೇಕು. ಅದಿಲ್ಲದೆ ಒಂದೂವರೆ ಮೀಟರ್ ಮೀನು ಕೂಡ ಕಾಗದದ ಮೇಲೆ ಇರಲಿಲ್ಲ.

ಗುರುತಿಗೆ ಮುಖ್ಯವಾಗಿ ನಿಂತ ಲಕ್ಷಣ ಎರಡು. ಒಂದು, ತಲೆಯ ಹಿಂದಿನಿಂದ ಬೆನ್ನಿನ ಈಜುರೆಕ್ಕೆಯ ಬುಡದವರೆಗಿನ ಗೆರೆ ಒಂದೇ ಕಮಾನಾಗಿ ಏರದೆ, ನಡುವೆ ಮುರಿದು ಡುಬ್ಬವಾಗಿ ಏಳುತ್ತದೆ. ಎರಡು, ಬಾಲದ ಈಜುರೆಕ್ಕೆ ಕಿತ್ತಳೆ ಬಣ್ಣದ್ದು. ಎರಡೂ ಬರಿಗಣ್ಣಿಗೆ ಕಾಣುತ್ತವೆ. ಹಾಗಿದ್ದರೂ ಎರಡೂ ಸುಲಭವಾಗಿ ಮೋಸ ಮಾಡುತ್ತವೆ. ಅದು ಹೇಗೆ ಎಂಬುದು ಮಾದರಿ ಸಿದ್ಧಪಡಿಸುವ ವಿಚಾರಕ್ಕೆ ಸೇರಿದ್ದು.

ಫೋಟೋ, ಟ್ರೋಫಿ, ತೂಕದ ಪುಸ್ತಕ: ಯಾವುದು ಎಷ್ಟಕ್ಕೆ ಸಾಕ್ಷಿ

ಗಾಳಗಾರನ ಫೋಟೋದಲ್ಲಿ ಮೀನನ್ನು ಕ್ಯಾಮೆರಾ ಕಡೆ ಚಾಚಿ ಹಿಡಿದಿರುತ್ತಾರೆ. ತಲೆ ದೊಡ್ಡದಾಗಿ, ಬಾಲ ಸಣ್ಣದಾಗಿ ಬರುತ್ತದೆ. ಕಿವಿರಿಗೆ ಕೈಹಾಕಿ ತೂಗುಹಾಕಿದ್ದರೆ ಬೆನ್ನಿನ ಗೆರೆಯೇ ಬದಲಾಗಿರುತ್ತದೆ. ಅಂಥ ಚಿತ್ರದಿಂದ ಡುಬ್ಬ ಇದೆ, ಇಲ್ಲ ಎನ್ನಬಹುದೇ ಹೊರತು ಅದರ ಮೇಲೆ ಸ್ಕೇಲ್ ಇಟ್ಟು ಅನುಪಾತ ತೆಗೆಯುವುದು ವ್ಯರ್ಥ.

ಗೋಡೆಯ ಮೇಲಿನ ಟ್ರೋಫಿಯ ಕಥೆ ಸ್ವಲ್ಪ ಬೇರೆ. ಚರ್ಮವನ್ನು ಅಚ್ಚಿನ ಮೇಲೆ ಎಳೆದು ಕೂರಿಸಿರುವುದರಿಂದ ದೇಹದ ಆಕಾರ ನಂಬುವಂತಿಲ್ಲ, ಬಣ್ಣವಂತೂ ಕುಂಚದಿಂದ ಬಂದದ್ದು. ಆದರೆ ಹುರುಪೆಗಳು ಅಲ್ಲೇ ಇರುತ್ತವೆ. ಪಾರ್ಶ್ವರೇಖೆಯ (ಮೈಯ ಪಕ್ಕದಲ್ಲಿ ತಲೆಯಿಂದ ಬಾಲದವರೆಗೆ ಸಾಗುವ ರಂಧ್ರಗಳ ಸಾಲು) ಹುರುಪೆ ಎಣಿಕೆ, ಈಜುರೆಕ್ಕೆಯ ಕಡ್ಡಿಗಳ ಎಣಿಕೆ, ತುಟಿಯ ಮಡಿಕೆ ಇವನ್ನು ಹಳೆಯ ಟ್ರೋಫಿಯಿಂದಲೂ ತೆಗೆಯಬಹುದು. ಹಳೆಯ ಚರ್ಮಗಳಿಗೆ ಆರ್ಸೆನಿಕ್ ಬಳಿಯುವ ವಾಡಿಕೆ ಇದ್ದುದರಿಂದ ಕೈಗವಸು ಇಲ್ಲದೆ ಮುಟ್ಟಬಾರದು. ಯಾವ ನದಿಯ ಮೀನು ಎಂಬ ಚೀಟಿ ಇಲ್ಲದ ಟ್ರೋಫಿ, ಎಷ್ಟೇ ದೊಡ್ಡದಿರಲಿ, ಪ್ರಭೇದದ ಹರವಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ತೂಕದ ಪುಸ್ತಕ ಅಚ್ಚರಿಯ ಸಾಕ್ಷಿ. ಹಿಡಿದು ಬಿಡುವ ಮೀನುಗಾರಿಕೆಯಲ್ಲಿ ತಕ್ಕಡಿ ಸಿಗದಾಗ ಗಾಳಗಾರರು ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 800ರಿಂದ ಭಾಗಿಸುತ್ತಾರೆ, ಅಳತೆ ಇಂಚಿನಲ್ಲಿ, ಉತ್ತರ ಪೌಂಡಿನಲ್ಲಿ. 30 ಇಂಚು ಸುತ್ತಳತೆ, 48 ಇಂಚು ಉದ್ದದ ಮೀನು 54 ಪೌಂಡ್ ಎಂದಾಗುತ್ತದೆ. ಡುಬ್ಬ ಇರುವ ಮೀನಿಗೆ ಈ ಸೂತ್ರ ಎಷ್ಟು ನಿಖರ ಎಂಬುದು ಅನುಮಾನವೇ. ಆದರೂ ಕಾವೇರಿಯ ಗಾಲಿಬೋರೆ ಭಾಗದಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕವನ್ನು ಸಂಶೋಧಕರು 2015ರಲ್ಲಿ ವಿಶ್ಲೇಷಿಸಿದಾಗ, ನೀಲಿ ರೆಕ್ಕೆಯ ಮಹಶೀರ್ ಏರುತ್ತಾ ಹೋಗಿ ಡುಬ್ಬದ್ದು ಕುಸಿದದ್ದು ಸ್ಪಷ್ಟವಾಗಿ ಕಂಡಿತು. ಗಾಳಗಾರರು ಎರಡು ಬಗೆಯನ್ನೂ ಬೇರೆಬೇರೆಯಾಗಿ ಬರೆದುಕೊಂಡಿದ್ದರು. ಒಂದೇ ‘ಮಹಶೀರ್’ ಎಂದು ಗೀಚಿದ್ದರೆ ಒಟ್ಟು ಸಂಖ್ಯೆ ಏರುತ್ತಿದೆ ಎಂದು ಎಲ್ಲರೂ ಖುಷಿಪಟ್ಟು ಸುಮ್ಮನಾಗುತ್ತಿದ್ದರು.

ಮಾದರಿ ಸಿದ್ಧಪಡಿಸುವುದು

ಅನುಮತಿ ಮೊದಲು. ಶಿವನಸಮುದ್ರದ ಕೆಳಗಿನ ಹೆಚ್ಚಿನ ಭಾಗ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮದ ಒಳಗಿದೆ. ಅಲ್ಲಿ ಸಂಶೋಧನೆಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 28ರಡಿ ಅರಣ್ಯ ಇಲಾಖೆಯ ಪರವಾನಗಿ ಬೇಕು. ಮೀನು ಹಿಡಿಯುವ ಮಾತು ಬೇರೆಯೇ ಅರ್ಜಿ ಕೇಳುತ್ತದೆ. ಅನುಮತಿ ಇಲ್ಲದೆ ಹಿಡಿದ ಮಾದರಿಯ ಮೇಲೆ ಬರೆದ ಲೇಖನವನ್ನು ಒಳ್ಳೆಯ ಪತ್ರಿಕೆಗಳು ಮುಟ್ಟುವುದಿಲ್ಲ. ಕಾಲದ ವಿಚಾರದಲ್ಲಿ ಡಿಸೆಂಬರ್‌ನಿಂದ ಮೇ ಉತ್ತಮ. ಮುಂಗಾರಿನಲ್ಲಿ ನೀರು ಕೆಂಪು, ಸೆಳೆತ ಜೋರು, ಮೇಲಾಗಿ ಅದು ಮಹಶೀರ್ ಮೊಟ್ಟೆ ಇಡಲು ಮೇಲೇರುವ ಕಾಲ. ಬೇಸಿಗೆಯಲ್ಲೂ ಮೇಲಿನ ಅಣೆಕಟ್ಟು, ವಿದ್ಯುತ್ ಕೇಂದ್ರಗಳಿಂದ ನೀರು ಬಿಟ್ಟಾಗ ಮಟ್ಟ ದಿಢೀರನೆ ಏರುತ್ತದೆ. ಬಂಡೆಯ ಮೇಲೆ ಹರಡಿಟ್ಟ ಸಾಮಾನು ಕೊಚ್ಚಿಕೊಂಡು ಹೋಗಲು ಹೆಚ್ಚು ಹೊತ್ತು ಬೇಡ.

ಮೀನು ಕೈಗೆ ಬಂದ ಮೇಲೆ ಕೆಲಸದ ಅನುಕ್ರಮ ತಪ್ಪಿದರೆ ಮಾದರಿ ಅರ್ಧ ಸತ್ತಂತೆಯೇ. ಮೊದಲು ಬಣ್ಣ. ನೀರಿನಿಂದ ತೆಗೆದ ಕೆಲವೇ ನಿಮಿಷದಲ್ಲಿ, ನೆರಳಿನಲ್ಲಿ, ಎಡಬದಿ ಮೇಲಾಗಿ, ಪಕ್ಕದಲ್ಲಿ ಅಳತೆಪಟ್ಟಿ ಮತ್ತು ಬೂದು ಬಣ್ಣದ ಕಾರ್ಡ್ ಇಟ್ಟು ಫೋಟೋ ತೆಗೆಯಬೇಕು. ಬಾಲದ ಕಿತ್ತಳೆ ಬಣ್ಣ, ಮಾದರಿ ಕೆಡದಂತೆ ಮುಳುಗಿಸುವ ಫಾರ್ಮಲಿನ್ ದ್ರಾವಣಕ್ಕೆ ಬಿದ್ದ ಮೇಲೆ ಉಳಿಯುವುದಿಲ್ಲ. ಆಲ್ಕೋಹಾಲ್‌ಗೆ ವರ್ಗಾಯಿಸುವ ಹೊತ್ತಿಗೆ ಎಲ್ಲ ಮಹಶೀರ್‌ಗಳೂ ಒಂದೇ ಮಾಸಲು ಕಂದು. ಬಣ್ಣದ ಟಿಪ್ಪಣಿ ಇಲ್ಲದ ಹಳೆಯ ಸಂಗ್ರಹಾಲಯದ ಮಾದರಿಗಳಲ್ಲಿ ಈ ಪ್ರಭೇದ ಖುದ್ರಿಯ ಜೊತೆ ಕಲೆತುಹೋಗಲು ಇದೊಂದೇ ಸಾಕು.

ಎರಡನೆಯದು ಅಂಗಾಂಶ. ಫಾರ್ಮಲಿನ್ ಡಿಎನ್‌ಎಯನ್ನು ಹೆಣೆದು ತುಂಡರಿಸುತ್ತದೆ, ಆದ್ದರಿಂದ ಅದಕ್ಕೆ ಮೊದಲೇ ಬಲಬದಿಯ ಹೊಟ್ಟೆಯ ಈಜುರೆಕ್ಕೆಯಿಂದ 5 ಮಿಲಿಮೀಟರ್ ಚದರದಷ್ಟು ತುಣುಕು ಕತ್ತರಿಸಿ 95 ಪರ್ಸೆಂಟ್‌ಗಿಂತ ಗಟ್ಟಿ ಎಥನಾಲ್‌ಗೆ ಹಾಕಬೇಕು. ತುಣುಕಿನ ಹತ್ತು ಪಟ್ಟು ಎಥನಾಲ್ ಇರಲಿ. ಒಂದು ದಿನ ಕಳೆದ ಮೇಲೆ ಅದನ್ನು ಚೆಲ್ಲಿ ಹೊಸದು ತುಂಬಿ. ಮೀನಿನೊಳಗಿನ ನೀರು ಇಳಿದು ಎಥನಾಲ್ ತೆಳುವಾಗುವುದನ್ನು ಮರೆತವರ ಡಿಎನ್‌ಎ ಫ್ರಿಜ್‌ನಲ್ಲಿದ್ದೂ ಹಾಳಾಗುತ್ತದೆ. ಒಂದು ಮೀನಿಗೂ ಇನ್ನೊಂದಕ್ಕೂ ನಡುವೆ ಕತ್ತರಿಯನ್ನು ಒರೆಸಿ, ಎಥನಾಲ್‌ನಲ್ಲಿ ಅದ್ದಿ, ಬೆಂಕಿಗೆ ಹಿಡಿಯಲೇಬೇಕು.

ಇನ್ನು ಸ್ಥಿರೀಕರಣ. ಇರಿಸಿಕೊಳ್ಳುವ ಮೀನಿಗೆ ಲವಂಗದ ಎಣ್ಣೆಯಂಥ ಅರಿವಳಿಕೆ ಹೆಚ್ಚು ಪ್ರಮಾಣದಲ್ಲಿ ಕೊಟ್ಟು ಮುಗಿಸಿ, ಥರ್ಮೋಕೋಲ್ ಮೇಲೆ ಮಲಗಿಸಿ, ಈಜುರೆಕ್ಕೆಗಳನ್ನು ಸಣ್ಣ ಪಿನ್‌ಗಳಿಂದ ಬಿಡಿಸಿ ಅವುಗಳ ಬುಡಕ್ಕೆ ಫಾರ್ಮಲಿನ್ ಸವರಬೇಕು. ಗಟ್ಟಿಯಾದ ಮೇಲೆ ಪಿನ್ ತೆಗೆದು 10 ಪರ್ಸೆಂಟ್ ಫಾರ್ಮಲಿನ್‌ನಲ್ಲಿ ಮುಳುಗಿಸುವುದು. 10 ಪರ್ಸೆಂಟ್ ಎಂದರೆ ಅಂಗಡಿಯಲ್ಲಿ ಸಿಗುವ ಫಾರ್ಮಲಿನ್ ಒಂದು ಲೀಟರ್, ನೀರು ಒಂಬತ್ತು ಲೀಟರ್. ಅದರಲ್ಲಿರುವ ಫಾರ್ಮಾಲ್ಡಿಹೈಡ್ ಸುಮಾರು 4 ಪರ್ಸೆಂಟ್ ಮಾತ್ರ. ಇದನ್ನು ತಿಳಿಯದೆ 10 ಪರ್ಸೆಂಟ್ ಫಾರ್ಮಾಲ್ಡಿಹೈಡ್ ಕಲಸಿದರೆ ಮೀನು ಕಟ್ಟಿಗೆಯಂತೆ ಸೆಡೆತು ಬಾಯಿ ತೆರೆಯಲೂ ಬರುವುದಿಲ್ಲ. ಒಂದು ಚಿಟಿಕೆ ಬೊರಾಕ್ಸ್ ಹಾಕದಿದ್ದರೆ ದ್ರಾವಣ ಆಮ್ಲವಾಗಿ ಮೂಳೆಯ ಸುಣ್ಣ ಕರಗುತ್ತದೆ. ಗೇಣುದ್ದ ಮೀರಿದ ಮೀನಿಗೆ ಹೊಟ್ಟೆಯೊಳಕ್ಕೆ ಸಿರಿಂಜಿನಿಂದ ಚುಚ್ಚಬೇಕು, ಇಲ್ಲವೇ ಬಲಬದಿಯಲ್ಲಿ ಸೀಳಬೇಕು. ಎಡಬದಿ ಅಳತೆಗೆ ಮೀಸಲು, ಅತ್ತ ಚಾಕು ತಾಗಬಾರದು. ಸಣ್ಣ ಮೀನಿಗೆ ಕೆಲವು ದಿನ, ಮೊಳದುದ್ದದ ಮೀನಿಗೆ ಎರಡು ವಾರ. ಬಳಿಕ ಎರಡು ದಿನ ನೀರು ಬದಲಿಸುತ್ತಾ ತೊಳೆದು, 30, 50, 70 ಪರ್ಸೆಂಟ್ ಎಥನಾಲ್‌ಗೆ ಮೆಟ್ಟಿಲುಮೆಟ್ಟಿಲಾಗಿ ಏರಿಸುವುದು. ನೇರ 70ಕ್ಕೆ ಹಾಕಿದರೆ ಸುಕ್ಕುಗಟ್ಟಿ ಅಳತೆ ತಪ್ಪುತ್ತದೆ.

ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಮೀನಿನ ಜೊತೆಯಲ್ಲೇ ಡಬ್ಬಿಯ ಒಳಗೆ ಇಡಬೇಕು. ಡಬ್ಬಿಯ ಹೊರಗೆ ಅಂಟಿಸಿದ ಚೀಟಿ ಉದುರುತ್ತದೆ, ಬಾಲ್‌ಪೆನ್ನಿನ ಬರಹವನ್ನು ಆಲ್ಕೋಹಾಲ್ ತಿಂದುಹಾಕುತ್ತದೆ. ನದಿ, ಜಾಗ, ಜಿಪಿಎಸ್, ದಿನಾಂಕ, ಹಿಡಿದ ವಿಧಾನ, ಫೋಟೋ ಸಂಖ್ಯೆ, ಅಂಗಾಂಶದ ಸಂಖ್ಯೆ ಎಲ್ಲವೂ ಒಂದಕ್ಕೊಂದು ತಾಳೆಯಾಗಲಿ.

ತೀವ್ರ ಅಪಾಯದಲ್ಲಿರುವ ಮೀನಿನ ದೊಡ್ಡ ತಾಯಿಮೀನನ್ನು ಮಾದರಿಗಾಗಿ ಕೊಲ್ಲುವುದು ಸಮರ್ಥನೆಗೆ ನಿಲ್ಲುವುದಿಲ್ಲ. ಅಂಥ ಕಡೆ ರೆಕ್ಕೆಯ ತುಣುಕು, ನಿಗದಿತ ಭಂಗಿಯ ಫೋಟೋ, ಒಂದೆರಡು ಉದುರಿದ ಹುರುಪೆ, ಜೊತೆಗೆ ತಾನಾಗಿ ಸತ್ತ ಮೀನು ಸಿಕ್ಕರೆ ಅದು, ಇಷ್ಟರಲ್ಲೇ ಕೆಲಸ ಸಾಗಬೇಕು.

ಅಳತೆಯಲ್ಲಿ ಎಡವುವ ಜಾಗ

ಅಳತೆ ಡಿಜಿಟಲ್ ಕ್ಯಾಲಿಪರ್‌ನಲ್ಲಿ, 0.1 ಮಿಲಿಮೀಟರ್‌ವರೆಗೆ, ಬಿಂದುವಿನಿಂದ ಬಿಂದುವಿಗೆ ನೇರವಾಗಿ. ಮೂತಿಯ ತುದಿಯಿಂದ ಬಾಲದ ಬುಡದವರೆಗಿನದು ಪ್ರಮಾಣಿತ ಉದ್ದ. ಬಾಲವನ್ನು ಮೆಲ್ಲಗೆ ಬಗ್ಗಿಸಿದರೆ ಮಡಿಕೆ ಬೀಳುವ ಜಾಗವೇ ಬುಡ. ಬಾಲದ ತುದಿ ಸವೆದಿರುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಳಿದ ಅಳತೆಗಳೆಲ್ಲ ಈ ಉದ್ದದ ಅಥವಾ ತಲೆಯ ಉದ್ದದ ಶೇಕಡಾವಾರಾಗಿ ಬರುತ್ತವೆ. ದೊಡ್ಡ ಮಹಶೀರ್‌ಗೆ ಕ್ಯಾಲಿಪರ್ ಸಾಲದೆ ಟೇಪ್ ಹಿಡಿಯುವವರು ಅದನ್ನು ದೇಹದ ಮೇಲೇ ಎಳೆಯುತ್ತಾರೆ. ಡುಬ್ಬದ ಮೀನಿನಲ್ಲಿ ಟೇಪ್ ಡುಬ್ಬವನ್ನೇ ಹತ್ತಿ ಇಳಿಯುತ್ತದೆ, ಬೆನ್ನಿನ ಅಳತೆ ಉಬ್ಬುತ್ತದೆ. ಸಮತಟ್ಟಾದ ಹಲಗೆಯ ಮೇಲೆ ಮೀನು ಮಲಗಿಸಿ, ಬಿಂದುಗಳ ಪಕ್ಕ ಗುಂಡುಸೂಜಿ ಚುಚ್ಚಿ, ಮೀನು ಎತ್ತಿದ ಮೇಲೆ ಸೂಜಿಗಳ ನಡುವೆ ಅಳೆಯುವುದೇ ಸರಿ.

ಪಾರ್ಶ್ವರೇಖೆಯ ಎಣಿಕೆ ಕಿವಿರು ಮುಚ್ಚಳದ ಹಿಂದಿನ ಮೊದಲ ರಂಧ್ರವಿರುವ ಹುರುಪೆಯಿಂದ ಬಾಲದ ಮಡಿಕೆಯವರೆಗೆ. ಅದರಾಚೆಯವನ್ನು ‘ಕೂಡು ಎರಡು’ ಎಂಬಂತೆ ಬೇರೆ ಬರೆಯಬೇಕು. ಟೋರ್ ಕುಲದಲ್ಲಿ ಈ ಸಂಖ್ಯೆ ಇಪ್ಪತ್ತರ ಆಸುಪಾಸಿನಿಂದ ಮೂವತ್ತರ ಆಸುಪಾಸಿನವರೆಗೆ. ಇಷ್ಟು ಇಕ್ಕಟ್ಟಾದ ವ್ಯಾಪ್ತಿಯಲ್ಲಿ ಎರಡು ಹುರುಪೆ ಒಳಗೋ ಹೊರಗೋ ಎಂಬುದೇ ಒಂದು ಸುಳ್ಳು ಪ್ರಭೇದ ಹುಟ್ಟಿಸಲು ಸಾಕು. ಬೆನ್ನಿನ ಮತ್ತು ಗುದದ ಈಜುರೆಕ್ಕೆಯ ಕೊನೆಯ ಎರಡು ಕಡ್ಡಿಗಳು ಒಂದೇ ಬುಡದಿಂದ ಹೊರಟಿದ್ದರೆ ಅವು ಒಂದು, ಅಥವಾ ‘ಒಂದೂವರೆ’. ಯಾವ ಪದ್ಧತಿ ಬಳಸಿದಿರಿ ಎಂಬುದನ್ನು ಲೇಖನದಲ್ಲಿ ಹೇಳದಿದ್ದರೆ ಮುಂದಿನವರು ನಿಮ್ಮ ಸಂಖ್ಯೆಯನ್ನು ಹೋಲಿಸಲಾರರು.

ಮಹಶೀರ್‌ನ ತುಟಿಯನ್ನು ನಂಬಿ ಕೆಟ್ಟವರು ಬಹಳ. ಒಂದೇ ಪ್ರಭೇದದಲ್ಲಿ ಕೆಲವಕ್ಕೆ ತುಟಿ ದಪ್ಪಗೆ ತೊಗಲಿನಂತೆ ಜೋತು ಬಿದ್ದಿರುತ್ತದೆ, ಕೆಲವಕ್ಕೆ ತೆಳು. ಮಡಿಕೆ ಕಡಿದಿದೆಯೇ ಇಲ್ಲವೇ ಎಂಬುದು ಕುಲದ ಲಕ್ಷಣ. ತುಟಿಯ ದಪ್ಪ ಯಾವುದರ ಲಕ್ಷಣವೂ ಅಲ್ಲ. ಡುಬ್ಬವೂ ವಯಸ್ಸಿನೊಂದಿಗೆ ಬೆಳೆಯುವಂಥದ್ದು. 15 ಸೆಂಟಿಮೀಟರ್ ಮೀನಿನ ಬೆನ್ನಿನ ಎತ್ತರವನ್ನು 90 ಸೆಂಟಿಮೀಟರ್ ಮೀನಿನ ಜೊತೆ ಶೇಕಡಾವಾರು ಹೋಲಿಸಿದರೆ ಎರಡು ಪ್ರಭೇದ ಎಂದೇ ಅನಿಸುತ್ತದೆ. ಎಳೆಯ ಪಾಂಬಾರ್ ಮೀನಿಗೂ ಭೀಮೇಶ್ವರಿಯ ದೈತ್ಯನಿಗೂ ನಡುವೆ ಇದ್ದ ಗೋಡೆ ಇದೇ. ಸಮಾನ ಗಾತ್ರದವನ್ನು ಮಾತ್ರ ಎದುರುಬದುರು ಇಡಬೇಕು. ನಡುವಣ ಗಾತ್ರದ ಮೀನುಗಳು ಸಿಕ್ಕಷ್ಟೂ ವಾದ ಗಟ್ಟಿ.

ಜೀನ್ ಹೇಳುವುದೆಷ್ಟು

ಸಾಮಾನ್ಯವಾಗಿ ಓದುವುದು ಮೈಟೊಕಾಂಡ್ರಿಯದ ಸಿಒಐ ಎಂಬ ಜೀನಿನ ಸುಮಾರು 655 ಅಕ್ಷರಗಳ ತುಂಡು. ಮೀನುಗಳಿಗೆಂದೇ ಇರುವ ಪ್ರೈಮರ್‌ಗಳಿಂದ (ಬೇಕಾದ ತುಂಡಿನ ಎರಡು ತುದಿಗೆ ಕೂರುವ ಚಿಕ್ಕ ಡಿಎನ್‌ಎ ತುಣುಕುಗಳು) 25 ಮೈಕ್ರೋಲೀಟರ್ ಪಿಸಿಆರ್, ಅಂದರೆ ಆ ತುಂಡಿನ ನಕಲುಗಳನ್ನು ಹೆಚ್ಚಿಸುವ ಕ್ರಿಯೆ: 95 ಡಿಗ್ರಿಯಲ್ಲಿ 2 ನಿಮಿಷ, ಬಳಿಕ 94 ಡಿಗ್ರಿ ಅರ್ಧ ನಿಮಿಷ, 54 ಡಿಗ್ರಿ ಅರ್ಧ ನಿಮಿಷ, 72 ಡಿಗ್ರಿ ಒಂದು ನಿಮಿಷದಂತೆ 35 ಸುತ್ತು, ಕೊನೆಗೆ 72 ಡಿಗ್ರಿಯಲ್ಲಿ 10 ನಿಮಿಷ. ಒಟ್ಟಿಗೆ ಓಡಿಸುವ ಪ್ರತಿ ಸಲದ ಟ್ಯೂಬ್‌ಗಳ ಗುಂಪಿನಲ್ಲೂ ಡಿಎನ್‌ಎ ಹಾಕದ ಒಂದು ಟ್ಯೂಬ್ ಇರಲೇಬೇಕು. ಅದರಲ್ಲೂ ಡಿಎನ್‌ಎಯ ಗೆರೆ ಕಂಡರೆ ಆ ಇಡೀ ಗುಂಪನ್ನು ಎಸೆಯುವುದೇ ದಾರಿ. ಎರಡೂ ದಿಕ್ಕಿನಿಂದ ಓದಿಸಿ, ಅಮೈನೋ ಆಮ್ಲಗಳಿಗೆ ಅನುವಾದಿಸಿ, ನಡುವೆ ಪೂರ್ಣವಿರಾಮದ ಸಂಕೇತ ಬಂದಿದೆಯೇ ನೋಡಬೇಕು. ಬಂದಿದ್ದರೆ ಓದಿದ್ದು ನಿಜವಾದ ಜೀನ್ ಅಲ್ಲ, ಕೋಶಕೇಂದ್ರಕ್ಕೆ ಜಾರಿದ ಅದರ ಹಳೆಯ ನಕಲು.

ಎರಡು ಪರ್ಸೆಂಟ್ ಅಂತರವಿದ್ದರೆ ಎರಡು ಪ್ರಭೇದ ಎಂಬ ಹೆಬ್ಬೆರಳ ಲೆಕ್ಕ ಮಹಶೀರ್‌ಗಳಲ್ಲಿ ನಡೆಯುವುದಿಲ್ಲ. ಈ ಕುಲದಲ್ಲಿ ಪ್ರಭೇದಗಳ ನಡುವಿನ ಅಂತರವೇ ಕಡಿಮೆ. ಮೇಲಾಗಿ ಜೀನ್ ಭಂಡಾರದಲ್ಲಿ ‘ಟೋರ್ ಮುಸ್ಸುಲ್ಲಾ’ ಎಂಬ ಹಣೆಪಟ್ಟಿಯ ಸರಣಿಗಳು ಇನ್ನೂ ಕೂತಿವೆ. ಕಂಪ್ಯೂಟರ್ ‘99 ಪರ್ಸೆಂಟ್ ಹೋಲಿಕೆ’ ಎಂದು ಹೇಳುವುದು ಆ ಹಣೆಪಟ್ಟಿಯನ್ನು ಓದಿ; ಹಣೆಪಟ್ಟಿ ಅಂಟಿಸಿದವರ ಮಾದರಿ ಯಾವ ಸಂಗ್ರಹಾಲಯದಲ್ಲಿದೆ ಎಂದು ನೋಡದೆ ಅದನ್ನು ನಂಬಬಾರದು. ಹೋಲಿಕೆಗೆ ಯೋಗ್ಯವಾದದ್ದು ಮೂಲ ನೆಲೆಯಿಂದಲೇ ಹಿಡಿದ ಮೀನಿನ ಸರಣಿ.

ಟೋರ್ ಕುಲದ ಮೀನುಗಳಲ್ಲಿ 100 ಕ್ರೋಮೋಸೋಮುಗಳಿವೆ. ಹೆಚ್ಚಿನ ಗೆಂಡೆ ಬಳಗದ ಮೀನುಗಳಲ್ಲಿ 50. ಎಲ್ಲ ಜೀನ್‌ಗಳೂ ಇಮ್ಮಡಿಯಾಗಿರುವುದರಿಂದ ಕೋಶಕೇಂದ್ರದ ಜೀನ್ ಓದಿದಾಗ ಎರಡು ನಕಲುಗಳು ಕಲಸಿ ಬರುತ್ತವೆ. ಹಾಗೆಂದು ಮೈಟೊಕಾಂಡ್ರಿಯವನ್ನಷ್ಟೇ ನೆಚ್ಚಿದರೆ ಇನ್ನೊಂದು ತೊಡಕು: ಅದು ತಾಯಿಯಿಂದ ಮಾತ್ರ ಬರುತ್ತದೆ. ಖುದ್ರಿ ಗಂಡು, ರೆಮಾದೇವಿ ಹೆಣ್ಣು ಕೂಡಿ ಹುಟ್ಟಿದ ಮಿಶ್ರತಳಿ ಈ ಪರೀಕ್ಷೆಯಲ್ಲಿ ಶುದ್ಧ ರೆಮಾದೇವಿಯಾಗಿಯೇ ಹೊರಬರುತ್ತದೆ. ಆದ್ದರಿಂದಲೇ ದೇಹದ ಲಕ್ಷಣಗಳನ್ನು ಬಿಟ್ಟು ಬರೀ ಜೀನ್ ಹಿಡಿದು ಬರೆದ ಮಹಶೀರ್ ಲೇಖನಗಳಿಗೆ ಹೆಚ್ಚು ತೂಕ ಕೊಡಲಾಗದು.

ಪ್ರಕಟಣೆ ಮತ್ತು ಕಾನೂನು

ಹೋಲಿಸಿ ಮುಗಿದ ಮೇಲೂ ಯಾವ ಹಳೆಯ ಹೆಸರೂ ಹೊಂದದಿದ್ದರೆ ಮಾತ್ರ ಹೊಸ ಹೆಸರಿನ ಮಾತು. ಸಂಹಿತೆಯ ಪ್ರಕಾರ ಲೇಖನದಲ್ಲಿ ಇದು ಹೊಸ ಪ್ರಭೇದ ಎಂಬ ಸ್ಪಷ್ಟ ಘೋಷಣೆ, ಇತರ ಪ್ರಭೇದಗಳಿಂದ ಬೇರ್ಪಡಿಸುವ ಲಕ್ಷಣಗಳು, ಒಂದು ಹೋಲೋಟೈಪ್, ಅದನ್ನು ಇಟ್ಟ ಸಂಗ್ರಹಾಲಯದ ಹೆಸರು ಇರಬೇಕು. ಅಂತರ್ಜಾಲದಲ್ಲಿ ಮಾತ್ರ ಬರುವ ಪತ್ರಿಕೆಯಾದರೆ ಝೂಬ್ಯಾಂಕ್ (ಪ್ರಾಣಿಗಳ ಹೆಸರುಗಳ ಅಧಿಕೃತ ಅಂತರ್ಜಾಲ ನೋಂದಣಿ ಪಟ್ಟಿ) ನೋಂದಣಿಯ ಸಂಖ್ಯೆ ಲೇಖನದೊಳಗೇ ಅಚ್ಚಾಗಿರಬೇಕು. ದಿನಪತ್ರಿಕೆಯ ಸುದ್ದಿ, ವಿಚಾರ ಸಂಕಿರಣದ ಸಾರಾಂಶ ಇವಕ್ಕೆ ನಾಮಕರಣದಲ್ಲಿ ಬೆಲೆ ಇಲ್ಲ. ಅವಸರದಲ್ಲಿ ಅಲ್ಲಿ ಹೆಸರು ಬಿಟ್ಟುಕೊಟ್ಟರೆ ಗೊಂದಲ ಮಾತ್ರ ಲಾಭ. 2002ರ ಜೈವಿಕ ವೈವಿಧ್ಯ ಕಾಯ್ದೆಯ ಸೆಕ್ಷನ್ 39 ಹೊಸದಾಗಿ ಕಂಡುಕೊಂಡ ಪ್ರಭೇದವನ್ನು ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ ಮಾದರಿ ಒಪ್ಪಿಸಬೇಕೆನ್ನುತ್ತದೆ. ಕಾಲೇಜಿನ ಪ್ರಯೋಗಾಲಯದ ಕಪಾಟು ಅದಕ್ಕೆ ಬದಲಿಯಲ್ಲ. ಉಪನ್ಯಾಸಕರು ನಿವೃತ್ತರಾದ ವರ್ಷವೇ ಡಬ್ಬಿಗಳು ಒಣಗಿರುತ್ತವೆ.

ಹೆಸರಿಲ್ಲದ ಕಾಲದಲ್ಲಿ ಆದದ್ದು

1970ರ ದಶಕದಲ್ಲಿ ಲೋಣಾವಳದ ಮರಿ ಕೇಂದ್ರದಲ್ಲಿ ಟೋರ್ ಖುದ್ರಿಯನ್ನು ಕೃತಕವಾಗಿ ಮರಿ ಮಾಡಿಸುವ ವಿಧಾನ ಕೈಗೂಡಿತು. ಮಹಶೀರ್ ಕಡಿಮೆಯಾಗುತ್ತಿದೆ, ಮಹಶೀರ್ ಮರಿ ಬಿಡೋಣ ಎಂದು ಆ ಮರಿಗಳು ಹಲವು ರಾಜ್ಯಗಳ ನದಿಗಳನ್ನು ಸೇರಿದವು, ಕಾವೇರಿಯನ್ನೂ. ಉದ್ದೇಶ ಒಳ್ಳೆಯದೇ. ಡುಬ್ಬದ ಮೀನು ಪ್ರತ್ಯೇಕ ಪ್ರಭೇದ, ಅದು ಕಾವೇರಿ ಕೊಳ್ಳದಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ ಎಂಬುದು ಕಾಗದದ ಮೇಲೆ ಇದ್ದಿದ್ದರೆ ಕೃಷ್ಣಾ ಕೊಳ್ಳದ ಮೀನನ್ನು ಇಲ್ಲಿಗೆ ಸುರಿಯುವ ಮೊದಲು ಯಾರಾದರೂ ಪ್ರಶ್ನೆ ಎತ್ತುತ್ತಿದ್ದರು. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದು ಹಾಕಿ ಮೀನು ಹೊಡೆಯುವುದು ಇವೂ ಕಾರಣಗಳೇ. ಆದರೆ ಅವೆಲ್ಲ ಎರಡೂ ಮಹಶೀರ್‌ಗಳಿಗೆ ಸಮಾನ. ಒಂದು ಹೆಚ್ಚಿ ಇನ್ನೊಂದು ಕುಸಿದದ್ದನ್ನು ಅವಷ್ಟೇ ವಿವರಿಸಲಾರವು.

ಈಗ ರೆಮಾದೇವಿಯನ್ನೇ ಮರಿ ಮಾಡಿಸಿ ನದಿಗೆ ಬಿಡಬೇಕು ಎಂಬ ಬೇಡಿಕೆ ಇದೆ. ಹಾಗೆ ಮಾಡುವುದಾದರೆ ಪ್ರತಿ ತಾಯಿ-ತಂದೆ ಮೀನಿಗೂ ಚರ್ಮದಡಿ ಚಿಪ್ ಹಾಕಿ, ಎಡಬದಿಯ ಫೋಟೋ ತೆಗೆದು, ರೆಕ್ಕೆಯ ತುಣುಕಿನಿಂದ ಮೈಟೊಕಾಂಡ್ರಿಯ ಮತ್ತು ಕೋಶಕೇಂದ್ರ ಎರಡರ ಗುರುತುಗಳನ್ನೂ ಓದಿಸಿ, ಮಿಶ್ರತಳಿಯಲ್ಲ ಎಂದು ಖಾತ್ರಿಯಾಗುವವರೆಗೆ ಬೇರೆ ತೊಟ್ಟಿಯಲ್ಲಿ ಇಡಬೇಕು. ಮೋಯಾರ್‌ನ ಮೀನನ್ನೂ ಪಾಂಬಾರ್‌ನದನ್ನೂ ಅಂತರ ತಿಳಿಯದೆ ಒಂದೇ ತೊಟ್ಟಿಗೆ ಹಾಕಬಾರದು. ಕೆಲವೇ ತಾಯಿಮೀನುಗಳಿಂದ ಲಕ್ಷ ಮರಿ ಮಾಡುವುದು ಮಹಶೀರ್‌ನಲ್ಲೂ ಸುಲಭ, ಆ ಲಕ್ಷವೂ ಅಣ್ಣತಮ್ಮಂದಿರೇ ಆಗಿರುತ್ತವೆ. ಖುದ್ರಿ ಬೆಳೆಸುವ ತೊಟ್ಟಿಯ ಬಲೆ, ಬಕೆಟ್, ನೀರಿನ ಕೊಳವೆ ಇವುಗಳಿಗೂ ಬೇರೆ ಬಣ್ಣದ ಗುರುತು ಹಾಕಿ ಪ್ರತ್ಯೇಕ ಇಡಬೇಕಾಗುತ್ತದೆ, ಏಕೆಂದರೆ ಎರಡು ಅಂಗುಲದ ಮರಿಯಲ್ಲಿ ಡುಬ್ಬ ಇನ್ನೂ ಎದ್ದಿರುವುದಿಲ್ಲ.